ಹಳೆಯ ಗಡಿಯಾರದ ಮುಖ: ಮೂಲವೋ, ಮರುಲೇಪವೋ?

(ಕೂಟದ ಉಪನ್ಯಾಸಮಾಲೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ಇತಿಹಾಸದ ಬಗ್ಗೆ ಮಾತನಾಡಬೇಕೆಂದು ತಾವು ನನ್ನನ್ನು ಕರೆದಾಗ ರಾಜಮನೆತನದ ವಿಷಯವನ್ನೋ, ದೇವಾಲಯದ ವಿಷಯವನ್ನೋ ನಿರೀಕ್ಷಿಸಿದ್ದಿರಬಹುದು. ನಾನು ಆರಿಸಿಕೊಂಡಿರುವ ವಸ್ತು ಬಹಳ ಚಿಕ್ಕದು. ಅದರ ಅಗಲ ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಹಳೆಯ ಕೈಗಡಿಯಾರದ ಮುಖ, ಅಂದರೆ ಡಯಲ್, ಇಂದಿನ ನನ್ನ ವಿಷಯ. ಅದು ಕಾರ್ಖಾನೆಯಿಂದ ಬಂದ ಮೂಲ ಮುಖವೋ, ಮುಂದೆ ಯಾರೋ ಬಣ್ಣ ಬಳಿದು ಹೊಸದಾಗಿ ಬರೆದ ಮುಖವೋ ಎಂದು ತಿಳಿಯುವುದು ಹೇಗೆ? ತಿಳಿದು ಆಗಬೇಕಾದದ್ದೇನು?

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ನನ್ನ ತಂದೆಯವರ ಬಳಿ 1950ರ ದಶಕದಲ್ಲಿ ಕೊಂಡ ಒಂದು ಸ್ವಿಸ್ ಗಡಿಯಾರವಿತ್ತು. ಅವರು ತೀರಿಕೊಂಡ ಮೇಲೆ ಅದು ನನ್ನ ಪಾಲಿಗೆ ಬಂತು. ಮುಖ ಹಳದಿಗಟ್ಟಿತ್ತು, ನಾಲ್ಕು ಗಂಟೆಯ ಗುರುತಿನ ಬಳಿ ಕಂದು ಬಣ್ಣದ ಒಂದು ಕಲೆಯಿತ್ತು. ವಿದೇಶಕ್ಕೆ ಹೊರಡುವ ಮುನ್ನ, ತಂದೆಯವರ ನೆನಪನ್ನು ಚೆನ್ನಾಗಿಟ್ಟುಕೊಳ್ಳಬೇಕೆಂಬ ಉತ್ಸಾಹದಲ್ಲಿ, ಅದನ್ನು ಒಬ್ಬ ರಿಪೇರಿಯವರಿಗೆ ಕೊಟ್ಟು ಮುಖವನ್ನು ಹೊಸದು ಮಾಡಿಸಿದೆ. ಹದಿನೈದು ದಿನದಲ್ಲಿ ಅದು ಬೆಳ್ಳಗೆ ಹೊಳೆಯುತ್ತ ಹಿಂದಿರುಗಿತು. ಅಮ್ಮನ ಕೈಗೆ ಕೊಟ್ಟೆ. ಅವರು ಅತ್ತಿತ್ತ ತಿರುಗಿಸಿ ನೋಡಿ, “ಆ ಕಲೆ ಎಲ್ಲಿ ಹೋಯಿತು?” ಎಂದು ಕೇಳಿದರು. ನನ್ನ ಅಕ್ಕನ ಮದುವೆಯ ಹಿಂದಿನ ದಿನ ಅಪ್ಪ ಮಳೆಯಲ್ಲಿ ನೆನೆಯುತ್ತ ಛತ್ರಕ್ಕೂ ಮನೆಗೂ ಓಡಾಡಿದಾಗ ಒಳಗೆ ನೀರು ಸೇರಿ ಆದ ಕಲೆ ಅದು ಎಂಬುದು ಆ ದಿನವೇ ನನಗೆ ಗೊತ್ತಾದದ್ದು. ರಿಪೇರಿಯವರ ತಪ್ಪು ಏನೂ ಇರಲಿಲ್ಲ. ನಾನು ಹೇಳಿದ್ದನ್ನು ಅವರು ಮಾಡಿದ್ದರು. ಅಳಿಸಿದವನು ನಾನೇ.

ಅಂದಿನಿಂದ ಹಳೆಯ ಗಡಿಯಾರಗಳ ಮುಖವನ್ನು ಓದುವ ಅಭ್ಯಾಸ ನನಗೆ ಹಿಡಿಯಿತು. “ಓದುವುದು” ಎಂಬ ಮಾತನ್ನು ತಿಳಿದೇ ಬಳಸುತ್ತಿದ್ದೇನೆ. ಕರ್ನಾಟಕದ ಶಾಸನಗಳ ಚರಿತ್ರೆಯಲ್ಲಿ ಒಂದು ಪ್ರಸಿದ್ಧ ವಾದವಿದೆ. ತಲಕಾಡಿನ ಗಂಗರ ಅನೇಕ ತಾಮ್ರಪಟಗಳು ನಿಜವಾದವಲ್ಲ, ಅವು ಕೂಟಶಾಸನಗಳು ಎಂದು ಜೆ. ಎಫ್. ಫ್ಲೀಟ್ ವಾದಿಸಿದರು, ‘ಎಪಿಗ್ರಾಫಿಯಾ ಕರ್ನಾಟಿಕಾ’ವನ್ನು ನಮಗೆ ಕೊಟ್ಟ ಬಿ. ಎಲ್. ರೈಸ್ ಅದನ್ನು ಒಪ್ಪಲಿಲ್ಲ. (ಕೂಟಶಾಸನವೆಂದರೆ ಖೋಟಾ ಶಾಸನ. ನಮ್ಮ ಕನ್ನಡ ಕೂಟಕ್ಕೂ ಅದಕ್ಕೂ ಸಂಬಂಧವಿಲ್ಲ!) ಆ ವಾದದಲ್ಲಿ ಯಾರು ಎಷ್ಟು ಸರಿ ಎಂಬುದು ಇಂದಿನ ವಿಷಯವಲ್ಲ. ಅವರು ಕೇಳಿದ ಪ್ರಶ್ನೆಗಳು ನಮಗೆ ಮುಖ್ಯ. ಲಿಪಿ ಆ ಕಾಲದ್ದೇ? ಹೇಳುವ ತೇದಿ ಹೊಂದುತ್ತದೆಯೇ? ಒಂದು ಭಾಗ ಇನ್ನೊಂದು ಭಾಗದ ಮಾತನ್ನು ಒಪ್ಪುತ್ತದೆಯೇ? ಗಡಿಯಾರದ ಮುಖಕ್ಕೂ ಇದೇ ಪ್ರಶ್ನೆಗಳನ್ನು ಕೇಳಬೇಕು.

ಮುಖವನ್ನು ಮಾಡುತ್ತಿದ್ದ ಬಗೆ

ಮೊದಲು ಈ ಮುಖಗಳು ಹೇಗೆ ತಯಾರಾಗುತ್ತಿದ್ದವು ಎಂಬುದನ್ನು ತಿಳಿಯೋಣ. ಜೇಬುಗಡಿಯಾರಗಳ ಕಾಲದಲ್ಲಿ ಉತ್ತಮವಾದ ಮುಖವೆಂದರೆ ಎನಾಮಲ್ ಮುಖ. ತಾಮ್ರದ ತೆಳುವಾದ ಬಿಲ್ಲೆಯ ಮೇಲೆ ಗಾಜಿನ ಪುಡಿಯನ್ನು ಹರಡಿ ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖದ ಕುಲುಮೆಯಲ್ಲಿ ಮತ್ತೆ ಮತ್ತೆ ಬೇಯಿಸುತ್ತಿದ್ದರು. ಹೀಗೆ ಬೆಂದ ಬಿಳುಪು ಶತಮಾನ ಕಳೆದರೂ ಮಾಸುವುದಿಲ್ಲ. ಆದರೆ ಕೆಳಗೆ ಬಿದ್ದರೆ ಕೂದಲೆಳೆಯಂಥ ಬಿರುಕು ಬಿಡುತ್ತದೆ.

ಕೈಗಡಿಯಾರ ಬಂದ ಮೇಲೆ ಹಿತ್ತಾಳೆಯ ಬಿಲ್ಲೆ ಮುಖ್ಯವಾಯಿತು. ಅದರ ಹಿಂಬದಿಗೆ ಸಾಮಾನ್ಯವಾಗಿ ಎರಡು ಪುಟ್ಟ ಕಾಲುಗಳನ್ನು ಬೆಸೆಯುತ್ತಾರೆ. ಅವು ಯಂತ್ರದ ರಂಧ್ರಗಳಲ್ಲಿ ಕೂರುತ್ತವೆ. ಮುಂಬದಿಗೆ ಬೆಳ್ಳಿಯ ಲೇಪವನ್ನೋ ಬಣ್ಣವನ್ನೋ ಕೊಟ್ಟು, ಅಕ್ಷರ ಮುದ್ರಿಸಿ, ತೆಳುವಾದ ಮೆರುಗೆಣ್ಣೆಯಿಂದ ಕಾಪಾಡುತ್ತಾರೆ. ಮುದ್ರಿಸುವ ಕ್ರಮ ಸ್ವಾರಸ್ಯವಾದದ್ದು. ಲೋಹದ ಫಲಕದಲ್ಲಿ ಅಕ್ಷರಗಳನ್ನು ಕೊರೆದು, ಆ ತಗ್ಗುಗಳಲ್ಲಿ ಶಾಯಿ ತುಂಬಿ, ಮೇಲಿನದನ್ನು ಒರೆಸಿ, ಜೆಲಟಿನ್ನಿನ ಮೆತ್ತನೆಯ ಉಂಡೆಯೊಂದನ್ನು ಅದರ ಮೇಲೆ ಒತ್ತುತ್ತಾರೆ. ಉಂಡೆ ಶಾಯಿಯನ್ನು ಎತ್ತಿಕೊಂಡು ಬಿಲ್ಲೆಯ ಮೇಲೆ ಇಳಿಸುತ್ತದೆ. ಆದ್ದರಿಂದ ಒಳ್ಳೆಯ ಮೂಲ ಮುಖದ ಅಕ್ಷರಗಳು ಭೂತಗನ್ನಡಿಯಲ್ಲಿ ಸ್ವಲ್ಪ ಉಬ್ಬಿ, ಅಂಚು ಖಚಿತವಾಗಿ ಕಾಣುತ್ತವೆ.

ಈ ಕೆಲಸವನ್ನು ಬಹುಪಾಲು ಗಡಿಯಾರದ ಕಂಪನಿಗಳು ತಾವೇ ಮಾಡುತ್ತಿರಲಿಲ್ಲ. ಸ್ವಿಟ್ಜರ್‌ಲೆಂಡಿನಲ್ಲಿ ಮುಖ ತಯಾರಿಸುವುದೇ ಪ್ರತ್ಯೇಕ ಕಸುಬು. ಆ ಕಸುಬಿನವರ ಘನತೆಗೆ ಒಂದು ನಿದರ್ಶನ ಸಾಕು. 1932ರಲ್ಲಿ ಪಾಟೆಕ್ ಫಿಲಿಪ್ ಎಂಬ ವಿಖ್ಯಾತ ಸಂಸ್ಥೆಯನ್ನು ಕೊಂಡುಕೊಂಡ ಸ್ಟರ್ನ್ ಸಹೋದರರು ಅದಕ್ಕೆ ಮುಖಗಳನ್ನು ಒದಗಿಸುತ್ತಿದ್ದ ಕಾರ್ಖಾನೆಯವರೇ. 20ನೆಯ ಶತಮಾನದ ಮಧ್ಯಭಾಗದ ಅನೇಕ ಪಾಟೆಕ್ ಮುಖಗಳಲ್ಲಿ ಹೆಸರನ್ನು ಮುದ್ರಿಸಿರುವುದಿಲ್ಲ. ಲೋಹದಲ್ಲಿ ಕೊರೆದು ಎನಾಮಲ್ ತುಂಬಿ ಬೇಯಿಸಿರುತ್ತಾರೆ. ಅಂಥ ಗಡಿಯಾರದಲ್ಲಿ ಹೆಸರು ಚಪ್ಪಟೆಯಾದ ಶಾಯಿಯಲ್ಲಿದ್ದರೆ, ಯಾರೋ ಮಧ್ಯೆ ಕೈಯಾಡಿಸಿದ್ದಾರೆಂದು ಶಂಕಿಸಬೇಕು.

ಬಣ್ಣ ಬಳಿಯುವ ರೂಢಿ

ಹಾಗಾದರೆ ಇಷ್ಟು ಶ್ರಮದಿಂದ ಮಾಡಿದ ಮುಖವನ್ನು ಅಳಿಸಿ ಮತ್ತೆ ಬರೆಸುವ ರೂಢಿ ಏಕೆ ಬಂತು? ಕಾರಣ ಸರಳ. ಆಗ ಕೈಗಡಿಯಾರ ಪ್ರಾಚೀನ ವಸ್ತುವಾಗಿರಲಿಲ್ಲ, ದಿನಬಳಕೆಯ ಸಾಧನವಾಗಿತ್ತು. ಹಳೆಯ ಕವಚಗಳು ನೀರನ್ನೂ ಬೆವರನ್ನೂ ಪೂರ್ತಿಯಾಗಿ ತಡೆಯುತ್ತಿರಲಿಲ್ಲ. ಮುಖ ಕಪ್ಪಾದರೆ ಗಂಟೆ ಕಾಣದು. ಚಪ್ಪಲಿಗೆ ಅಟ್ಟೆ ಹಾಕಿಸುವಂತೆ, ಪಾತ್ರೆಗೆ ಕಲಾಯಿ ಹಾಕಿಸುವಂತೆ, ಗಡಿಯಾರದ ಮುಖಕ್ಕೆ ಬಣ್ಣ ಹಾಕಿಸುತ್ತಿದ್ದರು. ಅಮೆರಿಕ, ಯೂರೋಪುಗಳಲ್ಲಿ ಇದೇ ಒಂದು ಉದ್ಯೋಗವಾಗಿತ್ತು. ನಮ್ಮ ಊರುಗಳ ಮಳೆಗಾಲದ ತೇವದಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. ಇದರಲ್ಲಿ ಮೋಸವೇನೂ ಇರಲಿಲ್ಲ.

ಕಾಲ ಬದಲಾಯಿತು. 1969ರ ಡಿಸೆಂಬರಿನಲ್ಲಿ ಜಪಾನಿನ ಸೈಕೋ ಸಂಸ್ಥೆ ಕ್ವಾರ್ಟ್ಸ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ಮುಂದಿನ ವರ್ಷಗಳಲ್ಲಿ ಕೀಲಿ ಕೊಡುವ ಗಡಿಯಾರ ಹಿಂದೆ ಸರಿಯಿತು; ಸರಿದದ್ದೇ ಸಂಗ್ರಹಯೋಗ್ಯವೂ ಆಯಿತು. ಆಗ ಮುಖದ ಬೆಲೆ ತಿಳಿಯಿತು. ನಟ ಪಾಲ್ ನ್ಯೂಮನ್ ಧರಿಸುತ್ತಿದ್ದ ರೋಲೆಕ್ಸ್ ಡೇಟೋನಾ 2017ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 1 ಕೋಟಿ 77 ಲಕ್ಷ ಡಾಲರಿಗೂ ಮಿಗಿಲಾಗಿ ಮಾರಾಟವಾಯಿತು. ಒಡೆಯನ ಹೆಸರು ಇದಕ್ಕೆ ಕಾರಣವೆಂಬುದು ನಿಜ. ಆದರೆ ಅವರ ಹೆಸರಿನಿಂದಲೇ ಕರೆಯುವ ಆ ಬಗೆಯ ಗಡಿಯಾರಗಳನ್ನು ಉಳಿದ ಡೇಟೋನಾಗಳಿಂದ ಬೇರ್ಪಡಿಸುವುದು ಮುಖ್ಯವಾಗಿ ಅವುಗಳ ಮುಖವೇ. ಯಂತ್ರ ಒಂದೇ, ಮುಖ ಬೇರೆ, ಬೆಲೆಯಲ್ಲಿ ಅಜಗಜಾಂತರ. ಇಲ್ಲಿಂದಲೇ ಮೋಸಕ್ಕೂ ದಾರಿಯಾಯಿತು. ಹಿಂದೆ ಉಪಯೋಗಕ್ಕಾಗಿ ಬಳಿದ ಬಣ್ಣವನ್ನು ಈಗ ಮಾರುವವರು ಮೂಲವೆಂದು ಹೇಳತೊಡಗಿದರು.

ಓದುವ ಕ್ರಮ

ಮೊದಲನೆಯದು ಲಿಪಿ. ಹತ್ತುಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಹೆಸರಿನ ಒಂದೊಂದು ಅಕ್ಷರವನ್ನೂ ನೋಡಬೇಕು. ರೋಮನ್ ಅಕ್ಷರಗಳ ತುದಿಯ ಸಣ್ಣ ಚಾಚುಗಳು ಚೂಪಾಗಿವೆಯೇ, ಮೊಂಡಾಗಿವೆಯೇ? ಅಕ್ಷರಗಳ ನಡುವಣ ಅಂತರ ಸಮವಾಗಿದೆಯೇ? ಶಾಯಿ ಹರಡಿದೆಯೇ? ನಿಮಿಷದ ಗೆರೆಗಳು ಒಂದೇ ಉದ್ದವಿದ್ದು, ಗಂಟೆಯ ಗುರುತಿನ ನಟ್ಟನಡುವೆ ಬಂದು ಸೇರುತ್ತವೆಯೇ? ಮರುಲೇಪದ ಕೆಲಸಗಾರನ ಬಳಿ ಆ ಕಂಪನಿಯ ಫಲಕ ಇರುವುದಿಲ್ಲ. ಹತ್ತಿರದ ಇನ್ನೊಂದು ಅಚ್ಚಿನಿಂದಲೋ ಕೈಯಿಂದಲೋ ಬರೆಯುತ್ತಾನೆ. ಆದ್ದರಿಂದ ಅದೇ ಕಂಪನಿಯ, ಅದೇ ವರ್ಷಗಳ, ನಿಸ್ಸಂದೇಹವಾಗಿ ಮೂಲವಾದ ಇನ್ನೊಂದು ಮುಖವನ್ನು ಪಕ್ಕದಲ್ಲಿಟ್ಟು ಹೋಲಿಸಬೇಕು. ಹೋಲಿಕೆಯಿಲ್ಲದೆ ಲಿಪಿಪರೀಕ್ಷೆ ಇಲ್ಲ.

1950ರ ದಶಕದ ಕೆಲವು ಕಪ್ಪು ಮುಖಗಳಲ್ಲಿ ಚಿನ್ನದ ಬಣ್ಣದ ಅಕ್ಷರಗಳಿರುತ್ತವೆ. ಅವನ್ನು ಮೇಲೆ ಬರೆದದ್ದಲ್ಲ. ಅಕ್ಷರದ ಜಾಗವನ್ನು ಬಿಟ್ಟು ಸುತ್ತಲೂ ಕಪ್ಪು ಏರಿಸಿದ್ದರಿಂದ ಕೆಳಗಿನ ಲೋಹವೇ ಅಕ್ಷರವಾಗಿ ಇಣುಕುತ್ತದೆ. ಓರೆಯಾಗಿ ಬೆಳಕು ಹಿಡಿದರೆ ಅಕ್ಷರ ತಗ್ಗಿನಲ್ಲಿರುವುದು ಕಾಣುತ್ತದೆ. ಮರುಲೇಪದಲ್ಲಿ ಚಿನ್ನದ ಶಾಯಿ ಕಪ್ಪಿನ ಮೇಲೆ ಕೂತಿರುತ್ತದೆ.

ಎರಡನೆಯದು ಮೈ ಮತ್ತು ಅಂಚು. ಬಣ್ಣ ತೆಗೆಯುವಾಗ ಲೋಹವನ್ನು ಉಜ್ಜಬೇಕಾಗುತ್ತದೆ. ಆಗ ಸೆಕೆಂಡಿನ ಕಿರುವೃತ್ತದೊಳಗೆ ಕೊರೆದಿದ್ದ, ಗ್ರಾಮಫೋನ್ ತಟ್ಟೆಯ ಗೆರೆಗಳಂಥ ನವಿರಾದ ವರ್ತುಲಗಳು ಸವೆಯುತ್ತವೆ. ಅಂಚುಗಳು ಮೊಂಡಾಗುತ್ತವೆ. ಲೋಹದ ಗಂಟೆಗುರುತುಗಳ ಬುಡದಲ್ಲಿಯೂ ಮುಳ್ಳುಗಳ ರಂಧ್ರದ ಸುತ್ತಲೂ ಹೊಸ ಬಣ್ಣ ಗಟ್ಟಿಯಾಗಿ ನಿಂತಿರುತ್ತದೆ. ಮುದ್ರಣಕ್ಕೆ ದಿಕ್ಕು ಹಿಡಿಯಲೆಂದು ಕೆಲಸಗಾರ ಬಿಲ್ಲೆಯ ಅಂಚಿನಲ್ಲಿ ಅರದಿಂದ ಒಂದು ಸಣ್ಣ ಕಚ್ಚು ಮಾಡುವುದುಂಟು. ಬೆನ್ನಿನ ಮೇಲೆ ತನ್ನ ಲೆಕ್ಕದ ಅಂಕಿಗಳನ್ನು ಗೀಚಿರುವುದೂ ಉಂಟು. ಇವನ್ನು ನೋಡಲು ಗಡಿಯಾರವನ್ನು ಬಿಚ್ಚಬೇಕು. ಬಿಚ್ಚುವುದು ಬಲ್ಲವರ ಕೆಲಸ.

ಮೂರನೆಯದು ತೇದಿಯ ಹೊಂದಿಕೆ. ಆರು ಗಂಟೆಯ ಕೆಳಗೆ, ಅಂಚಿಗೆ ಅಂಟಿಕೊಂಡಂತೆ, ಬಹಳ ಚಿಕ್ಕ ಅಕ್ಷರಗಳಲ್ಲಿ “ಸ್ವಿಸ್” ಅಥವಾ “ಸ್ವಿಸ್ ಮೇಡ್” ಎಂದಿರುವುದನ್ನು ನೀವು ಕಂಡಿರಬಹುದು. ವಿದೇಶೀ ಸರಕಿನ ಮೇಲೆ ತಯಾರಾದ ದೇಶದ ಹೆಸರನ್ನು ಇಂಗ್ಲಿಷಿನಲ್ಲಿ ಗುರುತಿಸಬೇಕೆಂದು 1890ರ ಅಮೆರಿಕದ ಮೆಕಿನ್ಲಿ ಸುಂಕ ಕಾಯಿದೆ ವಿಧಿಸಿತು. ಗಡಿಯಾರಗಳ ಮೇಲೆ ದೇಶದ ಹೆಸರು ಬರುವ ರೂಢಿ ಬಲಗೊಂಡದ್ದು ಅದರ ನಂತರ. ಮರುಲೇಪ ಮಾಡುವವನು ಈ ಪುಟ್ಟ ಸಾಲನ್ನು ಮರೆಯುತ್ತಾನೆ, ಇಲ್ಲವೆ ದಪ್ಪಕ್ಷರದಲ್ಲಿ ಮೇಲಕ್ಕೆ ಬರೆದುಬಿಡುತ್ತಾನೆ.

ಇನ್ನೂ ಬಲವಾದ ಸಾಕ್ಷಿ ಕತ್ತಲೆಯಲ್ಲಿ ಬೆಳಗುವ ಬಣ್ಣದ್ದು. ಕ್ಯೂರಿ ದಂಪತಿಗಳು 1898ರಲ್ಲಿ ಕಂಡುಹಿಡಿದ ರೇಡಿಯಂ 20ನೆಯ ಶತಮಾನದ ಮೊದಲ ದಶಕಗಳಲ್ಲಿ ಗಡಿಯಾರದ ಅಂಕಿಗಳಿಗೆ ಬಂತು. 1960ರ ದಶಕದಲ್ಲಿ ಅದನ್ನು ಕೈಬಿಟ್ಟು ಟ್ರಿಟಿಯಂ ಬಳಸತೊಡಗಿದರು. ಆಗ ಸ್ವಿಸ್ ಮುಖಗಳ ಅಡಿಯಲ್ಲಿ “ಸ್ವಿಸ್” ಪದದ ಎಡಬಲಗಳಲ್ಲಿ “ಟಿ” ಎಂಬ ಅಕ್ಷರ ಕಾಣಿಸಿಕೊಂಡಿತು. 1990ರ ದಶಕದ ಕೊನೆಯ ಹೊತ್ತಿಗೆ ವಿಕಿರಣವೇ ಇಲ್ಲದ ಹೊಸ ಬಣ್ಣಗಳು ಬಂದು ಅದೂ ಮರೆಯಾಯಿತು. ಹೀಗಾಗಿ 1950ರ ಗಡಿಯಾರದ ಮುಖದಲ್ಲಿ “ಟಿ” ಅಕ್ಷರವಿದ್ದರೆ ಅದು ಆ ಗಡಿಯಾರದೊಂದಿಗೆ ಹುಟ್ಟಿದ ಮುಖವಲ್ಲ. ಕಂಪನಿಯೇ ಮುಂದೆ ಬದಲಾಯಿಸಿರಬಹುದು, ಇತರರು ಬರೆದಿರಬಹುದು. ಎಪ್ಪತ್ತು ವರ್ಷದ ಗಡಿಯಾರ ಕತ್ತಲೆಯಲ್ಲಿ ರಾತ್ರಿಯಿಡೀ ಪ್ರಖರವಾಗಿ ಬೆಳಗಿದರೆ ಅದೂ ಸಂಶಯಕ್ಕೆ ಕಾರಣವೇ. ರೇಡಿಯಂ ಉಳಿದರೂ ಬೆಳಗುವ ವಸ್ತು ಎಂದೋ ಸತ್ತಿರುತ್ತದೆ. ಟ್ರಿಟಿಯಂ ಆದರೋ ಸುಮಾರು 12 ವರ್ಷಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ರೇಡಿಯಮ್ಮಿನ ಅರ್ಧಾಯುಷ್ಯ ಸುಮಾರು 1600 ವರ್ಷ. ನ್ಯೂಜೆರ್ಸಿಯ ಆರೆಂಜ್ ಪಟ್ಟಣದ ಕಾರ್ಖಾನೆಯಲ್ಲಿ ಅಂಕಿಗಳಿಗೆ ಈ ಬಣ್ಣ ಹಚ್ಚುತ್ತಿದ್ದ ಹೆಣ್ಣುಮಕ್ಕಳು ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿ ಮಾಡಿ, ದವಡೆಯ ಮೂಳೆ ಕರಗಿ, ಹಲವರು ಪ್ರಾಣವನ್ನೇ ಕಳೆದುಕೊಂಡರು. ಅವರಲ್ಲಿ ಐವರು ಹೂಡಿದ ಮೊಕದ್ದಮೆ 1928ರಲ್ಲಿ ರಾಜಿಯಲ್ಲಿ ಮುಗಿಯಿತು. ಕಾರ್ಮಿಕರ ರಕ್ಷಣೆಯ ಇತಿಹಾಸದಲ್ಲಿ ಅದೊಂದು ಮೈಲಿಗಲ್ಲು. ಅಜ್ಜನ ಹಳೆಯ ಗಡಿಯಾರದ ಅಂಕಿಗಳ ಮೇಲೆ ಕಂದು ಪುಡಿಯಂಥ ಬಣ್ಣ ಕಂಡರೆ ಮನೆಯಲ್ಲಿ ಗಾಜು ತೆಗೆದು ಕೆರೆಯಬೇಡಿ, ಮಕ್ಕಳ ಕೈಗೆ ಬಿಚ್ಚಿ ಕೊಡಬೇಡಿ.

ನಾಲ್ಕನೆಯದು ಮುಪ್ಪಿನ ಸಾಮರಸ್ಯ. ಒಂದು ಗಡಿಯಾರದ ಭಾಗಗಳೆಲ್ಲ ಒಟ್ಟಿಗೆ ಮುದುಕರಾಗುತ್ತವೆ. ಮುಳ್ಳುಗಳಲ್ಲಿ ತುಂಬಿದ ಬಣ್ಣ ಕಂದಾಗಿದ್ದು ಅಂಕಿಗಳ ಬಣ್ಣ ಹಾಲಿನಂತಿದ್ದರೆ ಎರಡರಲ್ಲೊಂದು ಆಮೇಲೆ ಬಂದದ್ದು. ವರ್ಷಗಟ್ಟಲೆ ನಿಂತುಹೋಗಿದ್ದ ರೇಡಿಯಂ ಗಡಿಯಾರದಲ್ಲಿ ಮುಳ್ಳಿನ ನೆರಳು ಮುಖದ ಮೇಲೆ ಕಂದಾಗಿ ಸುಟ್ಟಂತೆ ಉಳಿದಿರುತ್ತದೆ. ಮೇಜಿನ ಖಾನೆಯಲ್ಲಿ ಮಲಗಿ ಕಳೆದ ವರ್ಷಗಳನ್ನು ಅದು ತಾನೇ ಬರೆದಿಟ್ಟುಕೊಂಡಿರುತ್ತದೆ. ಕವಚ ಸವೆದು ಗೀರುಗಟ್ಟಿದ್ದರೂ ಮುಖ ಮಾತ್ರ ನಿನ್ನೆ ಹುಟ್ಟಿದಂತಿದ್ದರೆ ಕಾರಣ ಕೇಳಬೇಕು.

ನಮ್ಮ ಮನೆಯ ಗಡಿಯಾರ

ಈ ವಿದ್ಯೆ ಸ್ವಿಸ್ ಗಡಿಯಾರಗಳಿಗೆ ಮಾತ್ರ ಬೇಕಾದದ್ದಲ್ಲ. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಹಿಂದೂಸ್ತಾನ್ ಮೆಷಿನ್ ಟೂಲ್ಸ್, ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಲ್ಲಿ 1961ರಲ್ಲಿ ಕೈಗಡಿಯಾರ ತಯಾರಿಕೆಗೆ ತೊಡಗಿತು. ಮೊದಲ ತಂಡದ ಗಡಿಯಾರಗಳನ್ನು ಪ್ರಧಾನಿ ನೆಹರು ಬಿಡುಗಡೆ ಮಾಡಿದರು. ಮುಂದೆ ತುಮಕೂರಿನಲ್ಲಿಯೂ ಕಾರ್ಖಾನೆ ಬಂತು. ಜನತಾ, ಪೈಲಟ್, ಸೋನಾ, ಕಾಂಚನ್ ಎಂಬ ಹೆಸರುಗಳನ್ನು ಕೇಳಿದರೆ ಈ ಸಭೆಯಲ್ಲಿ ಅನೇಕರಿಗೆ ತಮ್ಮ ತಂದೆಯ ಮಣಿಕಟ್ಟು ನೆನಪಾಗಬಹುದು. ಎಸ್.ಎಸ್.ಎಲ್.ಸಿ. ಪಾಸಾದ ಮಗನಿಗೆ, ಧಾರೆಗೆ ಕೂತ ಅಳಿಯನಿಗೆ, ನಿವೃತ್ತನಾದ ಗುಮಾಸ್ತನಿಗೆ ಎಚ್.ಎಂ.ಟಿ. ಗಡಿಯಾರವೇ ಉಡುಗೊರೆ.

ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಹಳೆಯ ಜನತಾ, ಪೈಲಟ್‌ಗಳಿಗೆ ಸಂಗ್ರಾಹಕರ ಬೇಡಿಕೆ ಹೆಚ್ಚಿದಂತೆ ಇನ್ನೊಂದು ವ್ಯಾಪಾರವೂ ಬೆಳೆಯಿತು. ಹಳೆಯ ಯಂತ್ರಗಳಿಗೆ ಗುಲಾಬಿ, ಕಡುನೀಲಿ, ಕಿತ್ತಳೆ ಮುಖಗಳನ್ನು ಹೊಸದಾಗಿ ಮುದ್ರಿಸಿ ಕೂಡಿಸಿದ ಗಡಿಯಾರಗಳು ಇಂದು ಪ್ರಪಂಚದಾದ್ಯಂತ ಮಾರಾಟವಾಗುತ್ತಿವೆ. ಅವುಗಳಲ್ಲಿ ಎಷ್ಟೋ ವಿನ್ಯಾಸಗಳು ಕಾರ್ಖಾನೆಯಿಂದ ಎಂದೂ ಹೊರಬಂದವಲ್ಲ. ನೋಡಲು ಅಂದವಾಗಿರಬಹುದು; ಆದರೆ ಬೆಂಗಳೂರಿನ, ತುಮಕೂರಿನ ಕಾರ್ಮಿಕರು ಮಾಡಿದ ಮುಖವದಲ್ಲ. ಇಲ್ಲಿಯೂ ಪರೀಕ್ಷೆ ಅದೇ. ದೇವನಾಗರಿಯಲ್ಲಿ ಬರೆದ “ಜನತಾ” ಪದದ ತಲೆಗೆರೆ ನೇರವಾಗಿದೆಯೇ? “17 ಜ್ಯೂವೆಲ್ಸ್” ಎಂಬ ಇಂಗ್ಲಿಷ್ ಸಾಲು ಖಚಿತವಾಗಿದೆಯೇ, ಶಾಯಿ ಹಬ್ಬಿದೆಯೇ? ಮನೆಯಲ್ಲೇ ಮೊದಲಿನಿಂದ ಇದ್ದ ಒಂದು ಗಡಿಯಾರವನ್ನು ಪಕ್ಕದಲ್ಲಿಟ್ಟು ನೋಡಿ. ಸೋದರಮಾವನ ಹಳೆಯ, ಮಸುಕಾದ ಜನತಾ ಗಡಿಯಾರವೇ ಆಗ ಪ್ರಮಾಣಗ್ರಂಥವಾಗುತ್ತದೆ.

ತೀರ್ಪಿನಲ್ಲಿ ಸಂಯಮ

ಇಷ್ಟು ಹೇಳಿದ ಮೇಲೆ ಒಂದು ವಿವೇಕದ ಮಾತು. ಯಾವುದೇ ಒಂದು ಚಿಹ್ನೆಯಿಂದ ತೀರ್ಪು ಕೊಡಬಾರದು. ಮೂಲ ಮುಖಗಳಲ್ಲೂ ಓರೆಕೋರೆಗಳಿವೆ. ಅವನ್ನು ಮಾಡಿದವರೂ ಮನುಷ್ಯರೇ. ಅಗ್ಗದ ಗಡಿಯಾರದ ಮೂಲ ಮುದ್ರಣ ದುಬಾರಿ ಗಡಿಯಾರದ ಮರುಲೇಪಕ್ಕಿಂತ ಒರಟಾಗಿರಬಹುದು. ಕಚ್ಚೊಂದೇ ಸಾಕ್ಷಿಯಲ್ಲ, ಹೊಳಪೊಂದೇ ಅಪರಾಧವಲ್ಲ. ಲಿಪಿ, ಮೈ, ತೇದಿ, ಮುಪ್ಪು ಈ ನಾಲ್ಕರ ಮಾತು ಒಂದಾದಾಗ ಮಾತ್ರ ನಿರ್ಣಯ. ಒಂದಾಗದಿದ್ದರೆ “ಸಂದೇಹವಿದೆ” ಎಂದು ಹೇಳಿ ನಿಲ್ಲಿಸುವುದೇ ಪ್ರಾಮಾಣಿಕತೆ.

ಮರುಲೇಪವಾದ ಗಡಿಯಾರವನ್ನು ಹೀಯಾಳಿಸಬೇಕಾಗಿಯೂ ಇಲ್ಲ. ಅದು ಗಂಟೆ ಸರಿಯಾಗಿಯೇ ತೋರಿಸುತ್ತದೆ. ಕೊಳ್ಳುವವರಿಗೆ ಸತ್ಯ ಹೇಳಿದರೆ ಅದರಲ್ಲಿ ದೋಷವಿಲ್ಲ; ಮರುಲೇಪವನ್ನು ಮೂಲವೆಂದು ಕರೆದಾಗ ಅದು ಕೂಟಶಾಸನವಾಗುತ್ತದೆ. ಆದರೆ ಇನ್ನೂ ಮೂಲವಾಗಿಯೇ ಉಳಿದಿರುವ ಮುಖದ ಮಾತು ಬೇರೆ. ಊರ ದೇವಸ್ಥಾನದ ಜೀರ್ಣೋದ್ಧಾರದ ಹೆಸರಿನಲ್ಲಿ ಶಾಸನದ ಕಲ್ಲಿಗೆ ಸುಣ್ಣ ಬಳಿದುದನ್ನು ನಾವು ಕಂಡಿದ್ದೇವೆ. ಸುಣ್ಣವನ್ನಾದರೂ ತೊಳೆಯಬಹುದು. ಲೋಹದಿಂದ ಉಜ್ಜಿ ತೆಗೆದ ಮುದ್ರಣವನ್ನು ಯಾರೂ ಮರಳಿ ತರಲಾರರು. ಯಂತ್ರ ಕೆಟ್ಟರೆ ರಿಪೇರಿ ಮಾಡಿಸಿ, ಎಣ್ಣೆ ಹಾಕಿಸಿ, ಪಟ್ಟಿ ಬದಲಾಯಿಸಿ, ಗಾಜು ಹಾಕಿಸಿ. ಕೊಡುವಾಗ “ಮುಖವನ್ನು ಮುಟ್ಟಬೇಡಿ” ಎಂದು ಚೀಟಿಯಲ್ಲಿ ಬರೆದು ಕೊಡಿ. ಮುಖ ಓದಲಾರದಷ್ಟು ಹಾಳಾಗಿದ್ದರೆ ಬೇರೊಂದು ಮುಖ ಹಾಕಿಸಿಕೊಂಡು, ಹಳೆಯದನ್ನು ಕಾಗದದಲ್ಲಿ ಸುತ್ತಿ ಜೋಪಾನ ಮಾಡಿ.

ದೇಶ ಬಿಟ್ಟು ಬಂದ ನಮ್ಮಂಥವರಿಗೆ ಇದು ಇನ್ನಷ್ಟು ಮುಖ್ಯ. ಹಿರಿಯರ ಮನೆಯನ್ನು ನಾವು ಜೊತೆಗೆ ತರಲಾಗಲಿಲ್ಲ. ತಂದದ್ದು ಪೆಟ್ಟಿಗೆಯಲ್ಲಿ ಹಿಡಿಸಿದ ನಾಲ್ಕು ವಸ್ತುಗಳನ್ನು. ಇಲ್ಲಿ ಹುಟ್ಟಿದ ಮಕ್ಕಳು ಅಜ್ಜನನ್ನು ನೋಡಿರಲಿಕ್ಕಿಲ್ಲ. ಅವರ ಕೈಗೆ ಗಡಿಯಾರವನ್ನು ಕೊಡುವಾಗ ಕಲೆಯನ್ನೂ ಕೊಡಿ, ಕಲೆಯ ಕಥೆಯನ್ನೂ ಬರೆದು ಕೊಡಿ.

ನನ್ನ ತಂದೆಯವರ ಗಡಿಯಾರ ಈಗಲೂ ನಡೆಯುತ್ತದೆ. ಪ್ರತಿ ಬೆಳಿಗ್ಗೆ ಕೀಲಿ ಕೊಡುತ್ತೇನೆ. ಅದರ ಪೆಟ್ಟಿಗೆಯಲ್ಲಿ ಒಂದು ಚೀಟಿ ಇಟ್ಟಿದ್ದೇನೆ: “ಇದರ ಮುಖ ಮೂಲವಲ್ಲ. ನಾಲ್ಕು ಗಂಟೆಯ ಬಳಿ ಒಂದು ಮಳೆಯ ಕಲೆ ಇತ್ತು. ಅಳಿಸಿದವನು ನಾನು.” ಮುಂದೆ ಇದನ್ನು ಪರೀಕ್ಷಿಸುವವರಿಗೆ ಅಷ್ಟಾದರೂ ನಿಜ ತಿಳಿಯಲಿ.